ರಿವರ್ಸ್ ಬೀಳುತ್ತಿಲ್ಲ! ಗೇರ್ ಬಾಕ್ಸ್ ಇಳಿಸುವ ಮುಂಚೆ ನೋಡಬೇಕಾದದ್ದು

ಈ ಸಲದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ರಿವರ್ಸ್ ಗೇರಿನ ತಕರಾರುಗಳೇ. ಹಾಗಾಗಿ ಬೇರೆ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇವನ್ನೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಐದು ಗೇರಿನ ಸಣ್ಣ ಪೆಟ್ರೋಲ್ ಕಾರು, ಎಂಟು ವರ್ಷ ಹಳೆಯದು. ಮುಂದಿನ ಗೇರುಗಳು ಬೀಳುತ್ತವೆ. ರಿವರ್ಸ್ ಹಾಕಲು ಹೋದರೆ ಮಾತ್ರ ‘ಕರ್ರ್’ ಎನ್ನುತ್ತದೆ, ಕೆಲವೊಮ್ಮೆ ಬೀಳುವುದೇ ಇಲ್ಲ. ಗೇರ್ ಬಾಕ್ಸ್ ಇಳಿಸಲೇಬೇಕು ಎಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಲೇ?
— ಓದುಗರು, ಹಾಸನ

ಉತ್ತರ: ಈಗಲೇ ಬೇಡ. ನೀವು ಹೇಳುವ ಲಕ್ಷಣ ನೋಡಿದರೆ ತಪ್ಪು ಗೇರ್ ಬಾಕ್ಸಿನದ್ದಕ್ಕಿಂತ ಕ್ಲಚ್ಚಿನದ್ದಾಗಿರುವ ಸಾಧ್ಯತೆಯೇ ಹೆಚ್ಚು. ಮುಂದಿನ ಗೇರುಗಳಿಗೆ ಸಿಂಕ್ರೋ ಉಂಗುರಗಳಿರುತ್ತವೆ. ಹಲ್ಲು ಹಲ್ಲಿಗೆ ಕೂಡುವ ಮೊದಲು ಎರಡೂ ಕಡೆಯ ವೇಗವನ್ನು ಸಮಮಾಡುವುದು ಅವುಗಳ ಕೆಲಸ. ಹಾಗಾಗಿ ಕ್ಲಚ್ ಅಲ್ಪಸ್ವಲ್ಪ ಬಿಡದಿದ್ದರೂ (ಅಂದರೆ ಪೆಡಲ್ ಒತ್ತಿದಾಗ ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಪೂರ್ತಿ ಬೇರ್ಪಡಿಸದಿದ್ದರೂ) ಅವು ಸಂಭಾಳಿಸಿಬಿಡುತ್ತವೆ, ನಿಮಗೆ ಗೊತ್ತೇ ಆಗುವುದಿಲ್ಲ. ಆದರೆ ಬಹಳಷ್ಟು ಸಣ್ಣ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೋ ಇಲ್ಲ. ನೇರ ಹಲ್ಲಿನ ಐಡ್ಲರ್ ಗೇರೊಂದು ಸರಿದು ಬಂದು ಉಳಿದೆರಡು ಗೇರುಗಳ ನಡುವೆ ಕೂರುತ್ತದೆ. ನಿಂತ ಗಾಡಿಯಲ್ಲಿ ಚಕ್ರದ ಕಡೆಯ ಗೇರು ಸುಮ್ಮನಿರುತ್ತದೆ. ಎಂಜಿನ್ ಕಡೆಯ ಶಾಫ್ಟ್ ಚೂರು ತಿರುಗುತ್ತಿದ್ದರೂ ಹಲ್ಲಿಗೆ ಹಲ್ಲು ಉಜ್ಜಿ ಆ ‘ಕರ್ರ್’ ಹುಟ್ಟುತ್ತದೆ. ಕ್ಲಚ್ ಕೈಕೊಡಲು ಶುರುವಾದಾಗ ಮೊದಲು ದೂರು ಹೇಳುವುದು ರಿವರ್ಸೇ.

ಮೂರು ಪರೀಕ್ಷೆಗಳನ್ನು ಮನೆಯಲ್ಲೇ ಮಾಡಬಹುದು. ಸಮತಟ್ಟು ಜಾಗದಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದ ಕಡೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಮಾಡಿ.

ಮೊದಲನೆಯದು ಎಂಜಿನ್ ಆಫ್ ಮಾಡಿ. ಕ್ಲಚ್ ಒತ್ತಿ ರಿವರ್ಸ್ ಹಾಕಿ. ಬೀಳದಿದ್ದರೆ ಒಂದು ಸಲ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಬಿಟ್ಟು ಗಾಡಿಯನ್ನು ಒಂದೆರಡು ಇಂಚು ತಳ್ಳಿ ಮತ್ತೆ ಹಾಕಿ. ಹಲ್ಲಿನ ತುದಿಗೆ ಹಲ್ಲಿನ ತುದಿಯೇ ಎದುರಾಗಿ ನಿಂತಾಗ ಒಳ್ಳೆಯ ಗೇರ್ ಬಾಕ್ಸಿನಲ್ಲೂ ರಿವರ್ಸ್ ಬೀಳುವುದಿಲ್ಲ, ಅದು ದೋಷವಲ್ಲ. ಎಂಜಿನ್ ಆಫ್ ಇದ್ದಾಗ ಸಲೀಸಾಗಿ ಬಿದ್ದರೆ ಲಿವರ್, ಕೇಬಲ್, ಒಳಗೆ ಗೇರನ್ನು ಸರಿಸುವ ಫೋರ್ಕ್ ಎಲ್ಲ ಸರಿಯಿವೆ ಎಂದೇ ಲೆಕ್ಕ.

ಎರಡನೆಯದು, ಎಂಜಿನ್ ಐಡ್ಲಿಂಗ್‌ನಲ್ಲಿರಲಿ, ಎಸಿ ಆಫ್ ಇರಲಿ. ಕ್ಲಚ್ ಪೂರ್ತಿ ಒತ್ತಿ ಐದು ಎಣಿಸಿ ರಿವರ್ಸ್ ಹಾಕಿ. ಒತ್ತಿದ ಕೂಡಲೇ ಹಾಕಿದರೆ ಸದ್ದು, ಐದು ಸೆಕೆಂಡ್ ಬಿಟ್ಟು ಹಾಕಿದರೆ ಸದ್ದಿಲ್ಲ ಎಂದಾದರೆ ಗಾಡಿಗೆ ರೋಗವಿಲ್ಲ. ಶಾಫ್ಟ್ ನಿಲ್ಲಲು ಅಷ್ಟು ಹೊತ್ತು ಬೇಕು, ಅಷ್ಟೆ. ಕ್ಲಚ್ ಒತ್ತಿ ಮೊದಲು ಯಾವುದಾದರೂ ಮುಂದಿನ ಗೇರಿಗೆ ಹಾಕಿ, ಪೆಡಲಿನಿಂದ ಕಾಲು ತೆಗೆಯದೆ ರಿವರ್ಸಿಗೆ ತಂದರೆ ಸಿಂಕ್ರೋ ಆ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ. ಹತ್ತು ಸೆಕೆಂಡ್ ಕಾದ ಮೇಲೂ ಉಜ್ಜಿದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಮೂರನೆಯದು ಖಾತ್ರಿಗೆ. ಎಂಜಿನ್ ಆಫ್ ಇದ್ದಾಗ ರಿವರ್ಸ್ ಹಾಕಿ, ಬ್ರೇಕ್ ಮತ್ತು ಕ್ಲಚ್ ಎರಡನ್ನೂ ಗಟ್ಟಿಯಾಗಿ ಒತ್ತಿ ಸ್ಟಾರ್ಟ್ ಮಾಡಿ. ಗಾಡಿ ಹಿಂದಕ್ಕೆ ಎಳೆದಂತಾದರೆ ಇನ್ನು ಅನುಮಾನ ಬೇಡ.

ಕ್ಲಚ್ಚೇ ಎಂದು ಗೊತ್ತಾದ ಮೇಲೂ ನೇರವಾಗಿ ಪ್ಲೇಟ್ ಬದಲಿಸಲು ಹೋಗಬೇಡಿ. ಮೊದಲು ಪೆಡಲ್ ಕೆಳಗಿನ ಮ್ಯಾಟ್ ತೆಗೆದು ನೋಡಿ. ದಪ್ಪ ಮ್ಯಾಟ್ ಮುಂದೆ ಸರಿದು ಪೆಡಲನ್ನು ಎರಡು ಸೆಂಟಿಮೀಟರ್ ಮೊದಲೇ ತಡೆಯುವುದುಂಟು. ನಗು ಬರಬಹುದು, ಆದರೆ ಇಷ್ಟಕ್ಕೇ ಗೇರ್ ಬಾಕ್ಸ್ ಇಳಿಸಿದ ಗಾಡಿಗಳಿವೆ.

ಕೇಬಲ್ ಕ್ಲಚ್ ಆಗಿದ್ದರೆ ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ, ಬಿಗಿ ಸಿಗುವವರೆಗಿನ ಸಡಿಲವನ್ನು ಸ್ಕೇಲಿನಲ್ಲಿ ಅಳೆಯಿರಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಇದು 15ರಿಂದ 25 ಮಿಲಿಮೀಟರ್ ಒಳಗಿರಬೇಕು. ಗೇರ್ ಬಾಕ್ಸಿನ ಮೇಲಿರುವ ರಿಲೀಸ್ ಆರ್ಮಿನ (ಕ್ಲಚ್ ಕೇಬಲ್ ಎಳೆಯುವ ತೋಳಿನ) ತುದಿಯಲ್ಲಿ ನೋಡಿದರೆ ಸುಮಾರು 2ರಿಂದ 4 ಮಿಲಿಮೀಟರ್. ನಿಮ್ಮ ಗಾಡಿಯ ಸರಿಯಾದ ಅಳತೆ ಮಾಲೀಕರ ಕೈಪಿಡಿಯಲ್ಲಿ ಇಲ್ಲವೇ ಸರ್ವಿಸ್ ಮ್ಯಾನುಯಲ್‌ನಲ್ಲಿ ಸಿಗುತ್ತದೆ. ಸಡಿಲ ಹೆಚ್ಚಿದ್ದರೆ ಆರ್ಮಿನ ತುದಿಯಲ್ಲಿರುವ ಅಡ್ಜಸ್ಟಿಂಗ್ ನಟ್ಟನ್ನು ಬಿಗಿ ಮಾಡಿ, ಪ್ರತಿ ಎರಡು ಸುತ್ತಿಗೊಮ್ಮೆ ಅಳೆಯುತ್ತ ಹೋಗಿ. ಸಡಿಲವನ್ನು ಸೊನ್ನೆಗೆ ಇಳಿಸಬೇಡಿ. ಇಳಿಸಿದರೆ ರಿವರ್ಸೇನೋ ಬೀಳುತ್ತದೆ, ಆದರೆ ರಿಲೀಸ್ ಬೇರಿಂಗ್ ಸದಾ ತಿರುಗುತ್ತ ಸವೆಯುತ್ತದೆ, ಏರಿನಲ್ಲಿ ಕ್ಲಚ್ ಜಾರತೊಡಗುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಕ್ಲಚ್ ಪ್ಲೇಟ್ ಸವೆದಂತೆ ಈ ಸಡಿಲ ಕಡಿಮೆಯಾಗುತ್ತದೆ, ಹೆಚ್ಚಾಗುವುದಿಲ್ಲ. ಆದ್ದರಿಂದ ಸಡಿಲ ಇದ್ದಕ್ಕಿದ್ದಂತೆ ಹೆಚ್ಚಿದ್ದರೆ ಪ್ಲೇಟನ್ನು ದೂರುವುದು ಸರಿಯಲ್ಲ. ಕೇಬಲಿನ ಎಳೆಗಳು ಒಂದೊಂದಾಗಿ ಕಡಿಯುತ್ತಿರಬೇಕು, ಹೊರಕವಚ ಕುಸಿದಿರಬೇಕು, ಇಲ್ಲವೇ ಪೆಡಲ್ ಬ್ರಾಕೆಟ್ ಬಿರುಕು ಬಿಟ್ಟಿರಬೇಕು. ಒಬ್ಬರು ಪೆಡಲ್ ಒತ್ತುತ್ತಿರಲಿ, ಇನ್ನೊಬ್ಬರು ಬಾನೆಟ್ ಎತ್ತಿ ಆರ್ಮನ್ನು ನೋಡಲಿ. ಪೆಡಲ್ ಕೆಳಗಿಳಿದರೂ ಆರ್ಮ್ ತಡವಾಗಿ, ತಡೆತಡೆದು ಚಲಿಸಿದರೆ ಕೇಬಲ್ ಬದಲಿಸಿ. ಗೇರ್ ಬಾಕ್ಸ್ ಇಳಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಕೇಬಲ್ ಬದಲು ಆಯಿಲಿನ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಕ್ಲಚ್ ಆಗಿದ್ದರೆ ಪೆಡಲನ್ನು ಬೇಗಬೇಗ ನಾಲ್ಕು ಸಲ ಒತ್ತಿ, ಕೊನೆಯ ಸಲ ಒತ್ತಿ ಹಿಡಿದೇ ರಿವರ್ಸ್ ಹಾಕಿ. ಈಗ ಬಿತ್ತು ಎಂದರೆ ಲೈನಿನಲ್ಲಿ ಗಾಳಿ ಇದೆ ಅಥವಾ ಸೀಲ್ ಹೋಗಿದೆ. ಬಹಳ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಡಬ್ಬಿ. ಕ್ಲಚ್ಚಿಗೆ ಹೋಗುವ ಪೈಪು ಡಬ್ಬಿಯ ಎತ್ತರದಲ್ಲಿರುತ್ತದೆ. ಆಯಿಲ್ ಇಳಿದರೆ ಮೊದಲು ಕ್ಲಚ್ ಸೋಲಲಿ, ಬ್ರೇಕ್ ಉಳಿಯಲಿ ಎಂದು ಹಾಗೆ ಮಾಡಿರುತ್ತಾರೆ. ಆದ್ದರಿಂದ ಇಳಿದದ್ದನ್ನು ತುಂಬಿಸಿ ಸುಮ್ಮನಾಗಬೇಡಿ, ಎಲ್ಲಿ ಸೋರುತ್ತಿದೆ ಹುಡುಕಿ. ಪೆಡಲಿನ ಮೇಲ್ಭಾಗ ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರ್. ಗೇರ್ ಬಾಕ್ಸ್ ಪಕ್ಕದ ಸ್ಲೇವ್ ಸಿಲಿಂಡರಿನ ರಬ್ಬರ್ ಟೋಪಿ ಸರಿಸಿದಾಗ ಒಳಗೆ ಒದ್ದೆ ಕಂಡರೆ ಸ್ಲೇವ್. ಸ್ಲೇವ್ ಗೇರ್ ಬಾಕ್ಸಿನ ಒಳಗೇ ಇರುವ ಮಾದರಿಯಾದರೆ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ತಳದಿಂದ ಬ್ರೇಕ್ ಆಯಿಲ್ ತೊಟ್ಟಿಕ್ಕುತ್ತದೆ. ಆಗ ಮಾತ್ರ ಇಳಿಸದೆ ಗತಿಯಿಲ್ಲ. ಸೀಲ್ ಬದಲಿಸಿದ ಮೇಲೆ ಕೈಪಿಡಿ ಹೇಳಿದ ಡಾಟ್ 3 ಅಥವಾ ಡಾಟ್ 4 ಆಯಿಲ್ ಹಾಕಿ ಗಾಳಿ ತೆಗೆಯಬೇಕು: ಗಾಳಿ ಬಿಡುವ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಒಬ್ಬರು ಪೆಡಲ್ ಒತ್ತಿ ಹಿಡಿದಾಗ ನಿಪ್ಪಲ್ ಬಿಚ್ಚಿ, ಮುಚ್ಚಿ, ಆಮೇಲೆ ಪೆಡಲ್ ಬಿಡಿ. ಗುಳ್ಳೆ ನಿಲ್ಲುವ ತನಕ ಹೀಗೇ. ನಡುವೆ ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು. ಈ ಆಯಿಲ್ ಬಣ್ಣ ತಿನ್ನುತ್ತದೆ, ಚೆಲ್ಲಿದ ಕಡೆ ಕೂಡಲೇ ನೀರು ಹಾಕಿ.

ಪ್ರಶ್ನೆ: ಎಂಜಿನ್ ಆಫ್ ಇದ್ದರೂ ರಿವರ್ಸ್ ಬೀಳುವುದಿಲ್ಲ. ಒಂದರಿಂದ ನಾಲ್ಕು ಸರಿ. ಐದನೆಯದೂ ರಿವರ್ಸೂ ಸಿಗುವುದೇ ಇಲ್ಲ, ಲಿವರ್ ಬಲಕ್ಕೆ ಹೋದರೂ ಏನೂ ಆಗುವುದಿಲ್ಲ.
— ಓದುಗರು, ಬಳ್ಳಾರಿ

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಕೇಬಲ್ ಮಾದರಿಯ ಗೇರಿನಲ್ಲಿ ಎರಡು ಕೇಬಲ್‌ಗಳು. ಒಂದು ಹಿಂದೆ ಮುಂದೆ ಎಳೆಯುವ ಶಿಫ್ಟ್ ಕೇಬಲ್, ಇನ್ನೊಂದು ಎಡ ಬಲ ಸಾಲನ್ನು ಆರಿಸುವ ಸೆಲೆಕ್ಟ್ ಕೇಬಲ್. ಒಂದೇ ಬದಿಯ ಎರಡು ಗೇರುಗಳು ಒಟ್ಟಿಗೆ ಮಾಯವಾದರೆ ಸೆಲೆಕ್ಟ್ ಕೇಬಲಿನ ಮೇಲೆಯೇ ಮೊದಲ ಅನುಮಾನ. ಅದರ ತುದಿಯಲ್ಲಿರುವ ಪ್ಲಾಸ್ಟಿಕ್ ಬುಷ್ ಬಿಸಿಗೆ ಒಣಗಿ ಒಡೆದು, ಗುಂಡಿನಂಥ ತುದಿಯಿಂದ ಕಳಚಿಕೊಂಡಿರುತ್ತದೆ ಅಥವಾ ಸಡಿಲವಾಗಿ ಆಡುತ್ತಿರುತ್ತದೆ.

ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ ಆಫ್ ಇಟ್ಟು ಬಾನೆಟ್ ಎತ್ತಿ. ಒಳಗಿನವರು ಲಿವರನ್ನು ಎಡ ಬಲ ಆಡಿಸಲಿ. ಕೇಬಲ್ ಚಲಿಸಿಯೂ ಗೇರ್ ಬಾಕ್ಸಿನ ಮೇಲಿನ ತೋಳು ಚಲಿಸದಿದ್ದರೆ ಬುಷ್ ಹೋಗಿದೆ. ಕೇಬಲ್ಲೇ ಚಲಿಸದಿದ್ದರೆ ದೋಷ ಲಿವರಿನ ಬುಡದಲ್ಲಿ, ಕನ್ಸೋಲ್ ಬಿಚ್ಚಿ ನೋಡಬೇಕು. ಬುಷ್ ಹೋಗಿದ್ದರೆ ಮನೆ ಸೇರುವವರೆಗೆ ಕೇಬಲ್ ಟೈ ಬಿಗಿದು ಸಾಗಿಸಬಹುದು. ಕೆಲವು ಗಾಡಿಗಳಿಗೆ ಬುಷ್ ಬಿಡಿಯಾಗಿ ಸಿಗುತ್ತದೆ, ಕೆಲವಕ್ಕೆ ಕೇಬಲ್ ಸಮೇತ ಕೊಳ್ಳಬೇಕು.

ಗೇರ್ ಬಾಕ್ಸ್ ಒಳಗೇ ದೋಷವಿದೆಯೇ ಎಂದು ತಿಳಿಯಬೇಕಾದರೆ ಎರಡೂ ಕೇಬಲ್ ತುದಿ ಕಳಚಿ, ಗೇರ್ ಬಾಕ್ಸಿನ ತೋಳುಗಳನ್ನು ಕೈಯಿಂದಲೇ ರಿವರ್ಸ್ ಸ್ಥಾನಕ್ಕೆ ಒಯ್ಯಿರಿ. ಕೈಯಿಂದ ಬಿದ್ದರೆ ಒಳಗೆ ಕ್ಷೇಮ. ಇಗ್ನಿಷನ್ ಆನ್ ಇಟ್ಟು ಹಿಂದಿನ ಬಿಳಿ ದೀಪವನ್ನೂ ಗಮನಿಸಿ. ಅದರ ಸ್ವಿಚ್ ಸಾಮಾನ್ಯವಾಗಿ ಗೇರ್ ಬಾಕ್ಸಿನ ಮೇಲೆಯೇ ಇರುತ್ತದೆ. ದೀಪ ಹತ್ತಿದರೆ ಒಳಗಿನ ಶಾಫ್ಟ್ ರಿವರ್ಸ್ ಕಡೆ ಸರಿದಿದೆ ಎಂದರ್ಥ. ಹತ್ತದಿದ್ದರೆ ಬಲ್ಬು, ಫ್ಯೂಸು ನೋಡಿದ ಮೇಲೆಯೇ ತೀರ್ಮಾನಕ್ಕೆ ಬನ್ನಿ.

ಐದನೆಯ ಗೇರಿನ ಕೆಳಗೇ ರಿವರ್ಸ್ ಇರುವ ಗಾಡಿಗಳಲ್ಲಿ ಓಡುವಾಗ ಐದರಿಂದ ಜಾರಿ ರಿವರ್ಸಿಗೆ ಬೀಳದಂತೆ ತಡೆ ಇರುತ್ತದೆ. ಐದರಿಂದ ನೇರ ಎಳೆದರೆ ಬೀಳದು, ನ್ಯೂಟ್ರಲ್ ಮಧ್ಯಕ್ಕೆ ಬಂದು ಮತ್ತೆ ಬಲಕ್ಕೆ ಹೋಗಬೇಕು. ಲಿವರಿನ ಗುಂಡಿಯ ಕೆಳಗೆ ಎತ್ತುವ ಬಳೆ ಇರುವ ಗಾಡಿಗಳಲ್ಲಿ ಬಳೆ ಮೇಲೆ ಬಂದರೂ ಅದಕ್ಕೆ ಕಟ್ಟಿದ ಒಳತಂತಿ ಕಡಿದಿದ್ದರೆ ಲಾಕ್ ಬಿಡುವುದಿಲ್ಲ.

ಪ್ರಶ್ನೆ: ಜೂನ್‌ನಿಂದ ಎರಡೂವರೆ ತಿಂಗಳು ಕಾರು ಶೆಡ್ಡಿನಲ್ಲೇ ನಿಂತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಆದರೆ ರಿವರ್ಸೂ ಇಲ್ಲ, ಫಸ್ಟೂ ಇಲ್ಲ. ಆಫ್ ಮಾಡಿದರೆ ಎಲ್ಲ ಗೇರು ಬೀಳುತ್ತವೆ.
— ಓದುಗರು, ಕಾರ್ಕಳ

ಉತ್ತರ: ಕರಾವಳಿ, ಮಲೆನಾಡಿನ ಮಳೆಗಾಲದ ಮಾಮೂಲಿ ಕಾಯಿಲೆ ಇದು. ತೇವಕ್ಕೆ ಫ್ಲೈವೀಲ್ (ಎಂಜಿನ್ ತುದಿಯ ಭಾರದ ಚಕ್ರ) ಮತ್ತು ಪ್ರೆಷರ್ ಪ್ಲೇಟ್ (ಕ್ಲಚ್ ಪ್ಲೇಟನ್ನು ಅದಕ್ಕೆ ಒತ್ತಿ ಹಿಡಿಯುವ ತಟ್ಟೆ) ತುಕ್ಕು ಹಿಡಿದು ನಡುವಿನ ಕ್ಲಚ್ ಪ್ಲೇಟ್ ಅಂಟಿಕೊಂಡಿದೆ. ಪೆಡಲ್ ಒತ್ತಿದಾಗ ಪ್ರೆಷರ್ ಪ್ಲೇಟ್ ಹಿಂದೆ ಸರಿಯುತ್ತದೆ, ಕ್ಲಚ್ ಪ್ಲೇಟ್ ಮಾತ್ರ ಬಿಡುವುದಿಲ್ಲ. ಕೇಬಲ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ.

ಬಿಡಿಸುವ ಉಪಾಯ ಇದೆ, ಆದರೆ ಶೆಡ್ಡಿನಲ್ಲಿ, ಅಂಗಳದಲ್ಲಿ ಮಾಡಬೇಡಿ. ಎಂಜಿನ್ ಹದಿನೈದು ನಿಮಿಷ ಓಡಿಸಿ ಬಿಸಿ ಮಾಡಿ ಆಫ್ ಮಾಡಿ. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ತಳ್ಳಿ ಖಾಲಿ ಮೈದಾನಕ್ಕೋ ಉದ್ದನೆಯ ನೇರ ಖಾಸಗಿ ದಾರಿಗೋ ಒಯ್ಯಿರಿ. ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ. ಗಾಡಿ ಹೊರಟೇ ಬಿಡುತ್ತದೆ, ಸಿದ್ಧರಿರಿ. ಕ್ಲಚ್ ಒತ್ತಿಯೇ ಇಟ್ಟು ಆಕ್ಸಿಲರೇಟರನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿ. ಆ ಜಗ್ಗಾಟಕ್ಕೆ ‘ಟಕ್’ ಎಂದು ಬಿಟ್ಟುಕೊಳ್ಳುತ್ತದೆ, ಎಂಜಿನ್ ಓಡುತ್ತಿದ್ದರೂ ಗಾಡಿ ಎಳೆತ ನಿಲ್ಲುತ್ತದೆ. ಬಿಡದಿದ್ದರೆ ಬ್ರೇಕ್ ಒತ್ತಿ ಇಗ್ನಿಷನ್ ಆಫ್ ಮಾಡಿ ನಿಲ್ಲಿಸಿ. ಮೂರು ಸಲಕ್ಕೆ ಆಗಲಿಲ್ಲವೆಂದರೆ ಹಟ ಬೇಡ. ಪ್ಲೇಟಿನ ಲೈನಿಂಗ್ ಕಿತ್ತು ಬಂದೀತು. ಇಳಿಸಿ, ಎರಡೂ ಮೈಯನ್ನು ಎಮರಿ ಹಾಳೆಯಿಂದ ಉಜ್ಜಿ, ಪ್ಲೇಟ್ ನೋಡಿ ಕೂರಿಸುವುದೇ ದಾರಿ.

ಮುಂದಿನ ಮಳೆಗಾಲಕ್ಕೆ ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಬ್ಯಾಟರಿಗೂ ಒಳ್ಳೆಯದಲ್ಲ, ಕ್ಲಚ್ಚಿಗೂ ಉಪಯೋಗವಿಲ್ಲ. ತೊಳೆದ ಕೂಡಲೇ, ನೀರಿನಲ್ಲಿ ಹಾಯ್ದ ಕೂಡಲೇ ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಪ್ರಶ್ನೆ: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಹೊಸದು ಹಾಕಿಸಿದೆ. ಹಾಕಿಸಿದ ದಿನದಿಂದಲೇ ರಿವರ್ಸ್ ಬೀಳುತ್ತಿಲ್ಲ. ‘ಓಡಿಸುತ್ತ ಸರಿಹೋಗುತ್ತದೆ’ ಎನ್ನುತ್ತಾರೆ.
— ಓದುಗರು, ಬೆಂಗಳೂರು

ಉತ್ತರ: ಸರಿಹೋಗುವುದಿಲ್ಲ. ಹೊಸ ಕ್ಲಚ್ ಕೂರಿಕೊಳ್ಳಲು ಸ್ವಲ್ಪ ಓಡಾಟ ಬೇಕು ನಿಜ, ಆದರೆ ರಿವರ್ಸ್ ಉಜ್ಜುವುದು ಕೂರಿಕೊಳ್ಳುವ ಲಕ್ಷಣವಲ್ಲ. ಉಜ್ಜಿಸುತ್ತ ಓಡಿಸಿದರೆ ಇಲ್ಲದ ಗೇರ್ ಬಾಕ್ಸ್ ದೋಷ ಹುಟ್ಟಿಕೊಳ್ಳುತ್ತದೆ.

ಇಳಿಸದೆ ನೋಡಬಹುದಾದ್ದು ಎರಡು. ಹಳೆಯ ಪ್ಲೇಟ್ ಸವೆದಂತೆಲ್ಲ ಕೇಬಲ್ ನಟ್ಟನ್ನು ಸಡಿಲಿಸುತ್ತ ಬಂದಿರುತ್ತಾರೆ. ದಪ್ಪ ಹೊಸ ಪ್ಲೇಟ್ ಬಂದಾಗ ಅದೇ ನಟ್ ಸ್ಥಾನದಲ್ಲಿ ಸಡಿಲ ಬಹಳ ಹೆಚ್ಚಾಗುತ್ತದೆ. ಅದನ್ನು ಮತ್ತೆ ಹೊಂದಿಸಿದ್ದಾರೆಯೇ ಕೇಳಿ. ಹೈಡ್ರಾಲಿಕ್ ಆದರೆ ಗಾಳಿ ಪೂರ್ತಿ ಹೋಗಿದೆಯೇ ನೋಡಿಸಿ.

ಇವೆರಡೂ ಸರಿಯಿದ್ದರೆ ಜೋಡಣೆಯಲ್ಲೇ ತಪ್ಪು. ಪ್ಲೇಟನ್ನು ತಿರುಗುಮುರುಗು ಹಾಕಿರಬಹುದು, ಯಾವ ಮೈ ಫ್ಲೈವೀಲ್ ಕಡೆ ಎಂದು ಅದರ ಮೇಲೇ ಗುರುತಿರುತ್ತದೆ. ಗೇರ್ ಬಾಕ್ಸ್ ಎತ್ತಿ ಕೂಡಿಸುವಾಗ ಅದರ ಭಾರವನ್ನು ಒಂದು ಕ್ಷಣ ಪ್ಲೇಟಿನ ನಡುವಿನ ಹಬ್ಬಿನ ಮೇಲೆ ಬಿಟ್ಟಿದ್ದರೂ ಪ್ಲೇಟ್ ಬಾಗುತ್ತದೆ, ಬಾಗಿದ ಪ್ಲೇಟ್ ಒಂದು ಕಡೆ ತಾಗುತ್ತಲೇ ಇರುತ್ತದೆ. ನಮ್ಮ ಮಟ್ಟಿಗೆ ಮೊದಲ ಅನುಮಾನ ಇದರದ್ದೇ, ಏಕೆಂದರೆ ಒಬ್ಬರೇ ಜ್ಯಾಕ್ ಇಲ್ಲದೆ ಎತ್ತಿ ಕೂಡಿಸುವುದು ನಮ್ಮ ಕಡೆ ಸಾಮಾನ್ಯ. ಕ್ಲಚ್ ಬಿಡಿಸುವ ಫೋರ್ಕ್ ತನ್ನ ಆಸರೆಯಿಂದ ಜಾರಿರಬಹುದು, ಪ್ಲೇಟ್ ಕೂರುವ ಶಾಫ್ಟಿನ ಹಲ್ಲುಗಳಲ್ಲಿ (ಸ್ಪ್ಲೈನ್) ತುಕ್ಕಿದ್ದು ಪ್ಲೇಟ್ ಸರಿಯದೆ ಹಿಡಿದುಕೊಂಡಿರಬಹುದು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಾದರೆ ಕ್ರ್ಯಾಂಕಿನ ತುದಿಯಲ್ಲಿರುವ ಪೈಲಟ್ ಬೇರಿಂಗ್ ಹಿಡಿದಿದೆಯೇ ನೋಡಬೇಕು. ಅದು ಹಿಡಿದರೆ ಕ್ಲಚ್ ಎಷ್ಟೇ ಚೆನ್ನಾಗಿ ಬಿಟ್ಟರೂ ಶಾಫ್ಟ್ ತಿರುಗುತ್ತಲೇ ಇರುತ್ತದೆ. ಈ ಕೆಲಸದ ಕೂಲಿ ನೀವು ಎರಡನೇ ಸಲ ಕೊಡಬೇಕಾಗಿಲ್ಲ.

ಪ್ರಶ್ನೆ: ರಿವರ್ಸ್ ಬೀಳುತ್ತದೆ, ಆದರೆ ಏರಿನಲ್ಲಿ ಹಿಂದಕ್ಕೆ ತೆಗೆಯುವಾಗ ತಾನೇ ನ್ಯೂಟ್ರಲ್‌ಗೆ ಹಾರುತ್ತದೆ. ‘ಗುಂಯ್’ ಎಂಬ ಸದ್ದೂ ಇದೆ.
— ಓದುಗರು, ಮಡಿಕೇರಿ

ಉತ್ತರ: ಸದ್ದು ನೇರ ಹಲ್ಲಿನ ಗೇರಿನ ಸಹಜ ಧ್ವನಿ, ಅದನ್ನು ಬಿಡಿ. ಹಾರುವುದಕ್ಕೆ ಮೊದಲು ಹೊರಗಿನ ಕಾರಣ ನೋಡಿ. ಕಾರು ಕೊಂಡ ಮೇಲೆ ಹಾಕಿಸಿದ ಗೇರ್ ಲಾಕ್, ದಪ್ಪ ಲಿವರ್ ಕವರ್ ತಡೆದು ಲಿವರ್ ಪೂರ್ತಿ ಹೋಗದಿರಬಹುದು. ಎಂಜಿನ್ ಮೌಂಟಿಂಗ್ ಹರಿದಿದ್ದರೆ ಭಾರ ಬಿದ್ದಾಗ ಎಂಜಿನ್ ವಾಲಿ ಕೇಬಲನ್ನು ಎಳೆಯುತ್ತದೆ. ಬಾನೆಟ್ ಎತ್ತಿ, ಬ್ರೇಕ್ ಒತ್ತಿ ಹಿಡಿದು ರಿವರ್ಸಿನಲ್ಲಿ ಕ್ಲಚ್ಚನ್ನು ತುಸುವೇ ಬಿಟ್ಟಾಗ ಎಂಜಿನ್ ಎದ್ದು ಬೀಳುವುದು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ಗಾಡಿಯ ಹಿಂದೆ ಮುಂದೆ ಯಾರೂ ನಿಲ್ಲಬಾರದು. ಇವೆಲ್ಲ ಸರಿಯಿದ್ದರೆ ಹಲ್ಲಿನ ಅಂಚು ಸವೆದು ಇಳಿಜಾರಾಗಿದೆ ಅಥವಾ ಗೇರನ್ನು ಸ್ಥಾನದಲ್ಲಿ ಹಿಡಿಯುವ ಗುಂಡು–ಸ್ಪ್ರಿಂಗ್ ಸೋತಿದೆ. ಗೇರ್ ಆಯಿಲ್ ಇಳಿಸಿ ಡ್ರೈನ್ ಪ್ಲಗ್ಗಿನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣುಪು ಪೇಸ್ಟ್ ಇರುವುದು ಸಹಜ, ಚೂರುಗಳಿದ್ದರೆ ಬಿಚ್ಚಲೇಬೇಕು. ಆಗ ಐಡ್ಲರ್ ಒಂದನ್ನೇ ಬದಲಿಸಬೇಡಿ, ಅದರೊಂದಿಗೆ ಕೂಡುವ ಗೇರುಗಳನ್ನೂ ಪರೀಕ್ಷಿಸಿ.

ಪ್ರಶ್ನೆ: ಎಎಂಟಿ ಕಾರು. ಲಿವರ್ ಆರ್‌ಗೆ ತಂದರೂ ಮೀಟರಿನಲ್ಲಿ ಎನ್ ಎಂದೇ ಮಿಣುಕುತ್ತದೆ.
— ಓದುಗರು, ಮೈಸೂರು

ಉತ್ತರ: 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಇಲ್ಲಿ ಜನಪ್ರಿಯವಾದ ಎಎಂಟಿ ಒಳಗೆ ಮಾಮೂಲಿ ಗೇರ್ ಬಾಕ್ಸೇ. ಕ್ಲಚ್ ಒತ್ತುವುದು, ಗೇರ್ ಹಾಕುವುದನ್ನು ಮಾತ್ರ ಯಂತ್ರ ಮಾಡುತ್ತದೆ. ಬ್ರೇಕ್ ಒತ್ತಿದೆ, ಗಾಡಿ ಪೂರ್ತಿ ನಿಂತಿದೆ ಎಂಬ ಎರಡು ಸುದ್ದಿ ಕಂಪ್ಯೂಟರಿಗೆ ತಲುಪದಿದ್ದರೆ ಅದು ರಿವರ್ಸ್ ಹಾಕುವುದಿಲ್ಲ. ಆದ್ದರಿಂದ ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತದೆಯೇ ನೋಡಿ. ಹತ್ತದಿದ್ದರೆ ಫ್ಯೂಸ್ ಅಥವಾ ಪೆಡಲ್ ಮೇಲಿನ ಬ್ರೇಕ್ ಸ್ವಿಚ್, ಅಲ್ಲಿಗೆ ಮುಗಿಯಿತು. ಆಮೇಲೆ ಬ್ಯಾಟರಿ: ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.4 ವೋಲ್ಟಿಗಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿ. ಹೈಡ್ರಾಲಿಕ್ ಪಂಪ್ ಇರುವ ಮಾದರಿಯಲ್ಲಿ ಚಾಲಕನ ಬಾಗಿಲು ತೆರೆದಾಗ ಅಥವಾ ಕೀ ತಿರುಗಿಸಿದಾಗ ಕೇಳುವ ‘ಝೂಂ’ ಸದ್ದು ಬರದಿದ್ದರೆ ಪಂಪಿನ ರಿಲೇ, ಆಯಿಲ್ ಮಟ್ಟ ನೋಡಿಸಿ. ಅದಕ್ಕೆ ತಯಾರಕರು ಹೇಳಿದ ಆಯಿಲ್ ಬಿಟ್ಟು ಬೇರೇನೂ ಹಾಕಬಾರದು. ಕ್ಲಚ್ ಬದಲಿಸಿದ ಮೇಲೆ ಹೀಗಾಗಿದ್ದರೆ ಸ್ಕ್ಯಾನರ್ ಹಚ್ಚಿ ಕ್ಲಚ್ ಹಿಡಿಯುವ ಬಿಂದುವನ್ನು ಮತ್ತೆ ಕಲಿಸಬೇಕು, ಸ್ಪ್ಯಾನರಿನಿಂದ ಆಗುವ ಕೆಲಸವಲ್ಲ.

ಪ್ರಶ್ನೆ: ಪೂರ್ತಿ ಆಟೊಮ್ಯಾಟಿಕ್ ಕಾರು. ಡಿಯಲ್ಲಿ ಚೆನ್ನಾಗಿ ಓಡುತ್ತದೆ, ಆರ್‌ನಲ್ಲಿ ಎಂಜಿನ್ ಮೊರೆಯುತ್ತದೆ, ಗಾಡಿ ಅಲುಗದು. ಆಯಿಲ್ ಫ್ಲಷ್ ಮಾಡಿಸಿದರೆ ಆದೀತೇ?
— ಓದುಗರು, ಅಬುಧಾಬಿ

ಉತ್ತರ: ಸವೆದ ಕ್ಲಚ್ ಪ್ಯಾಕನ್ನು ಫ್ಲಷ್ ಸರಿಮಾಡದು. ಡಿ ಚೆನ್ನಾಗಿದ್ದರೆ ಟಾರ್ಕ್ ಕನ್ವರ್ಟರ್ ಮತ್ತು ಪಂಪ್ ಬಹುತೇಕ ಸರಿಯಿವೆ. ಉಳಿಯುವುದು ರಿವರ್ಸಿಗೆಂದೇ ಇರುವ ಕ್ಲಚ್ ಅಥವಾ ಬ್ರೇಕ್ ಬ್ಯಾಂಡ್, ಅದರ ಸೀಲ್, ಅದಕ್ಕೆ ಒತ್ತಡ ಕಳಿಸುವ ವಾಲ್ವ್ ಬಾಡಿ, ಹಾಗೂ ಲಿವರಿನಿಂದ ಬರುವ ಕೇಬಲ್. ಮೊದಲು ಕೇಬಲ್ ಹೊಂದಾಣಿಕೆ ನೋಡಿಸಿ, ಅಗ್ಗದ್ದು ಅದೇ. ಆಯಿಲ್ ಮಟ್ಟವನ್ನು ಕೈಪಿಡಿ ಹೇಳಿದ ಉಷ್ಣತೆಯಲ್ಲೇ ಅಳೆಯಿರಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಲೈನಿಂಗ್ ಸುಟ್ಟಿದೆ. ಹಳೆಯ ಮಾದರಿಯ ಬಹಳ ಗೇರ್ ಬಾಕ್ಸುಗಳಲ್ಲಿ ಒಂದೇ ಬ್ರೇಕ್ ಎಲ್‌ಗೂ (ಲೋ ಗೇರ್) ಆರ್‌ಗೂ ಕೆಲಸ ಮಾಡುತ್ತದೆ. ಎಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಹಿಡಿತ ಸಿಗದಿದ್ದರೆ ದೋಷ ಆ ಬ್ರೇಕಿನದ್ದೇ ಎನ್ನಬಹುದು. ಆರ್‌ನಲ್ಲಿ ಆಕ್ಸಿಲರೇಟರ್ ತುಳಿದು ಬಲವಂತ ಮಾಡಬೇಡಿ, ಉಳಿದ ಲೈನಿಂಗೂ ಹೋಗುತ್ತದೆ.

ಪ್ರಶ್ನೆ: ಗೇರ್ ಆಯಿಲ್ ಬದಲಿಸಿದ ಮೇಲೆ ಗೇರುಗಳು ಗಟ್ಟಿಯಾದವು. ಜಿಎಲ್-5 ಹಾಕಿದ್ದಾರಂತೆ, ‘ನಂಬರ್ ಹೆಚ್ಚಿದ್ದಷ್ಟೂ ಒಳ್ಳೆಯದು’ ಎಂದರು.
— ಓದುಗರು, ದಾವಣಗೆರೆ

ಉತ್ತರ: ಜಿಎಲ್ ಎಂಬುದು ಗೇರ್ ಆಯಿಲಿನ ದರ್ಜೆ. ಕೈಪಿಡಿಯಲ್ಲಿ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿಸಿ. ಜಿಎಲ್-5 ಡಿಫರೆನ್ಷಿಯಲ್‌ನಂಥ ಹೆಚ್ಚು ಒತ್ತಡದ ಜಾಗಕ್ಕೆ ಮಾಡಿದ್ದು. ಅದರ ಜಾರುವ ಗುಣದಿಂದ ಸಿಂಕ್ರೋ ಹಿಡಿಯುವುದಿಲ್ಲ, ಕೆಲವು ಆಯಿಲ್‌ಗಳ ಗಂಧಕದ ಮಿಶ್ರಣ ಹಿತ್ತಾಳೆ ಉಂಗುರಗಳನ್ನೂ ತಿನ್ನುತ್ತದೆ. ಜೊತೆಗೆ ಅದು ಎಷ್ಟು ಮಂದ ಎಂದೂ ನೋಡಿ: 75ಡಬ್ಲ್ಯು ಬೇಡುವ ಪೆಟ್ಟಿಗೆಗೆ 90 ಹಾಕಿದರೆ ಬೆಳಗಿನ ಚಳಿಯಲ್ಲಿ ಲಿವರ್ ಗಟ್ಟಿಯೇ. ಗಾಡಿ ಬಿಸಿಯಿರುವಾಗ ಇಳಿಸಿ, ಸಮತಟ್ಟಾಗಿ ನಿಲ್ಲಿಸಿ, ಫಿಲ್ಲರ್ ರಂಧ್ರದ ಕೆಳ ಅಂಚಿನಿಂದ ತುಳುಕುವವರೆಗೆ ತುಂಬಿಸಿ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಎರಡು, ಎರಡೂವರೆ ಲೀಟರ್ ಸಾಕು. ಡ್ರೈನ್ ಬಿಚ್ಚುವ ಮೊದಲು ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿಕೊಳ್ಳಿ. ಅದು ತುಕ್ಕು ಹಿಡಿದು ಬಾರದಿದ್ದರೆ ಖಾಲಿ ಗೇರ್ ಬಾಕ್ಸ್ ಹೊತ್ತ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ.